ಬಾಣಲೆಯ ತಳ ಕಂಡ ದಿನ

ಮಿರ್ಚಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಹೊಸ ಎಣ್ಣೆಗೆ ಬೆರೆಸಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಮಾರಿದರು. ಡಬ್ಬಿಯ ಮೇಲೆ ಶುದ್ಧ ಶೇಂಗಾ ಎಣ್ಣೆ ಎಂದು ಬರೆದಿತ್ತು. ಅದರಲ್ಲಿ ಮಾಡಿದ ಪಲ್ಯ ಉಂಡ ಮಕ್ಕಳು ಹೊಟ್ಟೆ ಹಿಡಿದುಕೊಂಡು ಮಲಗಿದರು.

ಇದು ನಡೆದದ್ದು ದಾವಣಗೆರೆಯಲ್ಲಿ, ಡೀಸೆಲ್ಲಿಗೂ ಸೀಮೆಎಣ್ಣೆಗೂ ಜನ ಡಬ್ಬಿ ಹಿಡಿದು ಸಾಲು ನಿಲ್ಲುತ್ತಿದ್ದ ಕಾಲದಲ್ಲಿ.

ಆವರಗೆರೆ ಕಡೆ ಹೋಗುವ ರಸ್ತೆಯಲ್ಲಿ ವಾಮದೇವಪ್ಪನವರ ಎಣ್ಣೆ ಅಂಗಡಿ. ಅಂಗಡಿಯ ಕಟ್ಟೆಯ ಮೇಲೆ ಖತೀಜಾಬೀಯ ಮಿರ್ಚಿ ಒಲೆ. ಗಂಡ ಚಾಂದ್ ಪಾಷಾ ತೀರಿಕೊಂಡಾಗ ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬಿದ್ದವಳಿಗೆ, "ಕೂಡಮ್ಮ ಇಲ್ಲಿ, ಒಲಿ ಹಚ್ಚು" ಎಂದು ಜಾಗ ಕೊಟ್ಟವರು ವಾಮದೇವಪ್ಪನವರೇ. ಬಾಡಿಗೆ ಕೇಳಲಿಲ್ಲ. ಕೇಳಿದ್ದು ಒಂದೇ: ಬಾಣಲೆಯಲ್ಲಿ ಸುಟ್ಟು ಉಳಿದ ಎಣ್ಣೆ. "ಸಾಬೂನು ಮಾಡೋರಿಗೆ ಕೊಡ್ತೀನಿ" ಎಂದಿದ್ದರು. ಸಂತೆಯ ದಿನಕ್ಕೊಮ್ಮೆ ಅಂಗಡಿಯ ಆಳು ಬಂದು ಡಬ್ಬಿ ತುಂಬಿಸಿಕೊಂಡು ಹೋಗುತ್ತಿದ್ದ. ಖತೀಜಾಬೀ ನಮಾಜಿನ ಹೊತ್ತಿಗೆ ದುವಾ ಬೇಡುವಾಗ ಮಕ್ಕಳ ಹೆಸರಿನ ಹಿಂದೆಯೇ ಸಾಹುಕಾರರ ಹೆಸರನ್ನೂ ಹೇಳುತ್ತಿದ್ದಳು.

ಆಳು ಒಯ್ದರೂ ಬಾಣಲೆ ಪೂರ್ತಿ ಬರಿದಾಗುತ್ತಿರಲಿಲ್ಲ. ಅತ್ತೆ ಬೀಬಿಜಾನ್ ಕಲಿಸಿದ್ದು ಹಾಗೆ. "ಬಾಂಡ್ಲಿ ತಳ ಕಾಣಬಾರ್ದು ಬೇಟಿ, ಕಂಡ್ರ ಬರಕತ್ ಹೋಗ್ತೈತೆ, ಮನಿ ಏಳಿಗಿ ನಿಲ್ತೈತೆ." ಹಳೆಯದರ ಮೇಲೆ ಹೊಸದು, ಹೊಸದು ಕಪ್ಪಾದ ಮೇಲೆ ಮತ್ತೆ ಹೊಸದು. ಅತ್ತೆಯ ಕಾಲದ ಹನಿ ಇನ್ನೂ ಆ ಬಾಣಲೆಯಲ್ಲಿ ಇದ್ದರೂ ಇದ್ದೀತು.

ಒಂದು ಮಧ್ಯಾಹ್ನ ನರ್ಸ್ ಕಸ್ತೂರಮ್ಮ ಸೈಕಲ್ ನಿಲ್ಲಿಸಿ ಕಟ್ಟೆಯ ಮೇಲೆ ಕೂತಳು. ಮಿರ್ಚಿ ಕೇಳಲಿಲ್ಲ. ಚೀಲದಿಂದ ಒಂದು ಬಾಟಲಿ ತೆಗೆದು ಕೈಗಿಟ್ಟಳು.

"ಮೂಸಿ ನೋಡು, ಖತೀಜಾ."

"ಏನಿದು ಅಕ್ಕಾ, ನನಗ್ಯಾವ ರೋಗ? ಔಷಧಿ ತಂದೀಯಲ್ಲ!"

"ಮೂಸು ಮೊದ್ಲು."

ಖತೀಜಾಬೀ ಮೂಸಿದಳು. ಮುಖದ ನಗೆ ಹಾಗೇ ಇಳಿಯಿತು. ಅದರಲ್ಲಿ ಓಂಕಾಳಿನ ವಾಸನೆ ಇತ್ತು. ಮೆಣಸಿನಕಾಯಿ ಸೀಳಿ ಹುರಿದ ಓಂಕಾಳು, ಉಪ್ಪು ತುಂಬುವುದು ಆ ಬೀದಿಯಲ್ಲಿ ಅವಳೊಬ್ಬಳೇ. ತನ್ನ ಕೂಸಿನ ಅಳು ತಾಯಿಗೆ ಗೊತ್ತಾಗುವ ಹಾಗೆ ಅವಳಿಗೆ ಗೊತ್ತಾಯಿತು.

"ನನ್ನ ಬಾಂಡ್ಲಿದು. ಎಲ್ಲಿ ಸಿಕ್ತು?"

"ಹಾಸ್ಟೆಲ್ ಅಡಿಗಿಮನ್ಯಾಗ. ಡಬ್ಬಿ ಮ್ಯಾಲೆ ಈ ಅಂಗಡಿ ಗುರ್ತು ಐತೆ. ಒಂದು ಬಾಟ್ಲಿ ಪರೀಕ್ಷೆಗೆ ಕಳಿಸೀನಿ."

"ಸಾವ್ಕಾರ್ರು ದೇವ್ರಂಥೋರು ಅಕ್ಕಾ. ಆಳು ಮಾಡಿರಬೇಕು."

"ಆಳು ಮಾಡಿದ ಎಣ್ಣಿ ರೊಕ್ಕ ಯಾರ ಗಲ್ಲಾ ಸೇರ್ತೈತೆ?"

ಖತೀಜಾಬೀ ಬಾಟಲಿಯನ್ನು ಕಟ್ಟೆಯ ಮೇಲಿಟ್ಟಳು. ಭಾನುವಾರ ಭಾನುವಾರ ಆ ಹಾಸ್ಟೆಲಿನ ಹುಡುಗಿಯರು ಜಡೆ ಬೀಸಿಕೊಂಡು ಬಂದು, "ಆಂಟಿ, ನನಗೆ ಖಾರದ್ದು, ಇವಳಿಗೆ ಸಪ್ಪಂದು" ಎಂದು ಗದ್ದಲ ಮಾಡುತ್ತಿದ್ದರು. ಈ ಭಾನುವಾರ ಬಂದಿರಲಿಲ್ಲ.

"ಒಂದು ದಿನ ತಿಂದ್ರ ಹೊಟ್ಟಿ ನೋವು. ದಿನಾ ತಿಂದ್ರ ಎದಿಗೂ ಕೇಡು, ಲಿವರಿಗೂ ಕೇಡು" ಎಂದಳು ಕಸ್ತೂರಮ್ಮ. "ಎಣ್ಣಿ ಕಪ್ಪಾತಾ, ನೊರಿ ಬಂತಾ, ಒಲಿ ಮ್ಯಾಲಿಟ್ಟ ಕೂಡ್ಲೆ ಹೊಗಿ ಎದ್ತಾ, ಅದರ ಕೆಲಸ ಮುಗೀತು ಅಂತ ತಿಳ್ಕೋ. ಮತ್ತ ಹೊಸದು ಸುರಿದ್ರ ಹೊಸದೂ ಕೆಡ್ತೈತೆ. ನಿಮ್ಮತ್ತಿ ಒಳ್ಳೇ ಮನಸ್ಸಿಂದ ಹೇಳಿದ್ರು, ಖರೆ. ಆದ್ರ ತಪ್ಪು ಹೇಳಿದ್ರು."

"ಹಂಗಾದ್ರ ಸುಟ್ಟೆಣ್ಣಿ ಎಲ್ಲಿ ಸುರೀಲಿ? ಚರಂಡಿಗಾ?"

"ಚರಂಡಿ ಕಟ್ಕೊಂತೈತೆ. ಹರಿಹರಕ್ಕ ಒಯ್ಯಿ, ನಿನ್ನ ತಮ್ಮ ಸಿಕಂದರ್ ಹತ್ರ. ನಮ್ಮ ಓದುಕೂಟಕ್ಕ ಬರೋ ಉಚ್ಚೆಂಗಪ್ಪ ಮೇಷ್ಟ್ರು ಇಂಥ ಎಣ್ಣಿಯಿಂದ ಡೀಸೆಲ್ ಮಾಡೋದು ಹೆಂಗೆ ಅಂತ ಓದಿ ಹೇಳಿದ್ರು. ಕಾಲೇಜಿನಾಗ ರಸಾಯನಶಾಸ್ತ್ರ ಹೇಳ್ತಾರ. ಸಿಕಂದರ್ ಗಿರಣಿ ಡೀಸೆಲ್ ಇಲ್ದ ನಿಂತೈತಲ್ಲ?"

ಖತೀಜಾಬೀಗೆ ಆ ಸಂಕಟದ ನಡುವೆಯೂ ನಗು ಬಂತು. "ಮಿರ್ಚಿ ಎಣ್ಣಿಗೆ ಎಂಜಿನ್ ಓಡೋದಾದ್ರ, ಮಂಡಕ್ಕಿ ಹಾಕಿದ್ರ ರೈಲೂ ಓಡಬೇಕು!"

ನಕ್ಕಳೇನೋ ಹೌದು. ಆದರೆ ಆ ಸಂಜೆ ಒಲೆ ಆರಿಸಿ, ಬಾಣಲೆಯ ಎಣ್ಣೆಯನ್ನೆಲ್ಲ ಡಬ್ಬಿಗೆ ಸುರಿದಳು. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದಳು. ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ ಆ ಬಾಣಲೆಯ ತಳ ಕಂಡಿತು. ಬರಕತ್ ಹೋಗುವುದೋ ಎಂದು ಬಗ್ಗಿ ನೋಡಿದಳು. ತಳದಿಂದ ಎದ್ದು ಹೋದದ್ದು ಬೆರಳು ದಪ್ಪದ ಕರಿ ಕಿಟ್ಟ, ಅಷ್ಟೇ.

ಹರಿಹರದಲ್ಲಿ ಸಿಕಂದರನ ಮನೆ, ಗಿರಣಿ ಎರಡೂ ಒಂದೇ ಅಂಗಳಕ್ಕೆ ಅಂಟಿಕೊಂಡಿದ್ದವು. ಕಸ್ತೂರಮ್ಮ ಹೇಳಿ ಕರೆಸಿದ್ದ ಮೇಷ್ಟ್ರು ಮನೆಯ ಒಳಗೆ ಕಾಲಿಡಲಿಲ್ಲ. "ಈ ಕೆಲಸ ಬಯಲಿನಾಗ ಆಗಬೇಕು, ಗಾಳಿ ಆಡೋ ಕಡೆ. ಹುಡುಗ್ರು ದೂರ" ಎಂದರು. ಎಣ್ಣೆಯನ್ನು ದಪ್ಪ ಬಟ್ಟೆಯಲ್ಲಿ ಸೋಸಿಸಿದರು. ನೀರಿನ ಪಸೆ ಹೋಗಿ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ, ಒಲೆ ಪೂರ್ತಿ ಆರಿಸಿ, ಎಣ್ಣೆ ಉಗುರುಬೆಚ್ಚಗಾಗಲು ಬಿಟ್ಟರು. ಆಮೇಲಷ್ಟೇ ಪರವಾನಗಿ ಇರುವ ಕಡೆಯಿಂದ ತಂದ ಮೆಥನಾಲ್ ಡಬ್ಬಿಯ ಮುಚ್ಚಳ ತೆಗೆದರು.

"ಇದು ವಿಷ. ಕುಡಿದ್ರ ಕಣ್ಣು ಹೋಗ್ತಾವ, ಜೀವಾನೂ ಹೋಗ್ತೈತೆ. ಇದರ ಆವಿ ಬೆಂಕಿ ಕಂಡ್ರ ಭಗ್ ಅಂತೈತೆ. ಸಿಕಂದರ್, ಬೀಡಿ!"

ಸಿಕಂದರ್ ಕಿವಿಯ ಮೇಲಿನ ಬೀಡಿಯನ್ನು ಕಾಂಪೌಂಡಿನ ಆಚೆ ಎಸೆದ.

ಮೇಷ್ಟ್ರು ರಬ್ಬರ್ ಗವಸು, ಕನ್ನಡಕ ಹಾಕಿಕೊಂಡು ಕಾಸ್ಟಿಕ್ ಸೋಡಾವನ್ನು ಆ ದ್ರವದಲ್ಲಿ ಕರಗಿಸಿದರು. ಎಣ್ಣೆ ಎಷ್ಟು ಸುಟ್ಟಿದೆ ಎಂದು ಪರೀಕ್ಷೆ ಮಾಡಿಯೇ ಸೋಡಾದ ಅಳತೆ ಕಟ್ಟಿದ್ದರು. "ಕಣ್ಣಳತಿ ಇಲ್ಲಿ ನಡಿಯಂಗಿಲ್ಲ. ಹೆಚ್ಚಾದ್ರ ಎಲ್ಲ ಸಾಬೂನಾಗಿ ಗಟ್ಟಿ ಕೂತು ಬಿಡ್ತೈತೆ." ಆ ಮಿಶ್ರಣವನ್ನು ಎಣ್ಣೆಗೆ ಸೇರಿಸಿ, ಡ್ರಮ್ಮಿನ ಬಾಯಿ ಬಿಗಿದು, ಚೆನ್ನಾಗಿ ಕಲಕಿ ಇಟ್ಟರು.

ಮಾರನೆಯ ದಿನ ನೋಡಿದರೆ ಎಣ್ಣೆ ಎರಡಾಗಿತ್ತು. ಕೆಳಗೆ ಕರಿ ಬೆಲ್ಲದ ಪಾಕದಂಥದು, ಮೇಲೆ ಜೇನಿನ ಬಣ್ಣದ ತಿಳಿ. ತಿಳಿಯನ್ನು ಬೇರೆ ಮಾಡಿ, ನೀರಿನಿಂದ ಮೆಲ್ಲಗೆ ಮತ್ತೆ ಮತ್ತೆ ತೊಳೆದು, ನೀರಿನ ಪಸೆ ಆರಿಸಿದರು. ಕರಿ ಪಾಕದಲ್ಲೂ ವಿಷವಿರುತ್ತದೆಂದು ಅದನ್ನು ಚರಂಡಿಗೆ ಬಿಡದೆ ಮೇಷ್ಟ್ರೇ ಡಬ್ಬಿಯಲ್ಲಿ ಒಯ್ದರು. ಸಿಕಂದರ್ ತಿಳಿಗೆ ಡಬ್ಬಿಯ ತಳದಲ್ಲಿ ಉಳಿದಿದ್ದ ತುಸು ಡೀಸೆಲ್ ಬೆರೆಸಿ ಎಂಜಿನ್ ತುಂಬಿಸಿ, ಹ್ಯಾಂಡಲ್ ತಿರುವಿದ. ಕೆಮ್ಮಿತು. ಮತ್ತೆ ತಿರುವಿದ.

ಗಿರಣಿ ಓಡತೊಡಗಿತು!

ಹೊಗೆಯಲ್ಲಿ ಬಜ್ಜಿಯ ವಾಸನೆ. ಓಣಿಯ ಹೆಂಗಸರು ಜೋಳದ ಬುಟ್ಟಿ ಹೊತ್ತುಕೊಂಡು ಓಡಿ ಬಂದರು. "ಏನೋ ಸಿಕಂದರ್, ಹಿಟ್ಟು ಬೀಸ್ತೀಯೋ ಮಿರ್ಚಿ ಕರೀತೀಯೋ?" ಎಂದು ಮುದುಕಿ ರಂಗವ್ವ ಕೇಳಿದಳು. ಬಿಸಿ ಹಿಟ್ಟನ್ನು ಸೆರಗಿಗೆ ಮುಚ್ಚಿಕೊಂಡು, ಎಣ್ಣೆ ತಂದವಳು ಯಾರೆಂದು ತಿಳಿದು, ಖತೀಜಾಬೀಯ ಗಲ್ಲ ಹಿಡಿದಳು. "ನಾಕು ದಿನ ಆಗಿತ್ತವ್ವ ರೊಟ್ಟಿ ತಟ್ಟಿ. ನಿನ್ನ ಹೊಟ್ಟಿ ತಣ್ಣಗಿರ್ಲಿ."

ಖತೀಜಾಬೀ ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತನ್ನೇ ನೆನೆಯುತ್ತಿದ್ದಳು. ಇಷ್ಟು ವರ್ಷ ತನ್ನ ಋಣವೆಲ್ಲ ಒಂದು ಕಟ್ಟೆಗೆ ಎಂದುಕೊಂಡಿದ್ದಳು. ಆದರೆ ಮಕ್ಕಳಿಗೆ ಅನ್ನ ಕೊಟ್ಟವರು ಮಿರ್ಚಿ ತಿಂದ ಜನ. ಹಮಾಲರು, ಮಿಲ್ಲಿನವರು, ಜಡೆ ಬೀಸಿಕೊಂಡು ಬರುವ ಆ ಹುಡುಗಿಯರು. ಅವರ ಹೊಟ್ಟೆಗೆ ವಿಷ ಹೋದ ಮೇಲೆ ಯಾವ ಬರಕತ್ತು?

ಸಂತೆಯ ದಿನ ಆಳು ಬರಿಗೈಯಲ್ಲಿ ಹೋದ. ವಾಮದೇವಪ್ಪನವರೇ ಬಂದರು. ಧ್ವನಿ ಏರಿಸಲಿಲ್ಲ.

"ಬೂಬಮ್ಮ, ಮಂದಿ ಮಾತು ಕೇಳಬ್ಯಾಡ. ಡಬ್ಬಿ ತುಂಬಿಸಿ ಕಳಿಸು. ಇಲ್ಲಾಂದ್ರ ನಾಳಿಂದ ಒಲಿ ಎತ್ತು. ನೀ ಬೀದಿಯಾಗ ನಿಂತಾಗ ಜಾಗ ಕೊಟ್ಟೋನು ನಾನು, ನೆನಪೈತಾ?"

ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ಅವಳ ಉತ್ತರಕ್ಕೆ ಮೊದಲು ನಿಮಗೊಂದು ಮಾತು. ನಿಮ್ಮ ಒಲೆಯ ಮೇಲೂ ಬಾಣಲೆ ಇದೆ. ಕಪ್ಪಾದ ಎಣ್ಣೆಯಲ್ಲಿ ಮತ್ತೆ ಕರಿಯಬೇಡಿ, ಅದರ ಮೇಲೆ ಹೊಸದು ಸುರಿಯಬೇಡಿ, ಚರಂಡಿಗೂ ಚೆಲ್ಲಬೇಡಿ. ಸೋಸಿ ಕೂಡಿಡಿ. ನಿಮ್ಮ ಊರಿನ ಸಂಘದವರು ಸೇರಿ, ಬಲ್ಲವರನ್ನು ಜೊತೆಗಿಟ್ಟುಕೊಂಡು ಇಂಧನ ಮಾಡಿಸಿ. ಒಬ್ಬರೇ, ಅಡುಗೆಮನೆಯಲ್ಲಿ, ಅಂದಾಜಿನಲ್ಲಿ ಎಂದೂ ಮಾಡಬೇಡಿ. ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಯಾರ ಡಬ್ಬಿಗೂ ಸುರಿಯಬೇಡಿ. ನಿಮ್ಮ ಬಾಗಿಲಿಗೂ ಒಬ್ಬರು ಬಂದು ಹಳೆಯ ಉಪಕಾರ ನೆನಪಿಸಿಯಾರು. ಆಗ ಖತೀಜಾಬೀಯನ್ನು ನೆನೆಯಿರಿ.

ಅವಳು ಎದ್ದು ನಿಂತು, ಎರಡೂ ಕೈ ಎತ್ತಿ ಸಲಾಂ ಮಾಡಿದಳು.

"ನೆನಪೈತ್ರಿ ಸಾವ್ಕಾರ್ರ. ಸಾಯೋತನ ಮರಿಯಂಗಿಲ್ಲ. ಇವತ್ತೂ ನಿಮ್ಮ ಹೆಸರಿಗೆ ದುವಾ ಬೇಡೀನಿ. ಕಟ್ಟಿ ನಿಮ್ದು, ಬೇಕಾದ್ರ ತಗೊಳ್ರಿ. ಎಣ್ಣಿ ಮಾತ್ರ ಕೊಡಂಗಿಲ್ಲ."