ಗಾಯವಿಲ್ಲದ ಎದೆ

"ಅಂಗಿ ತೆಗಿಯಾ ಬೇವರ್ಸಿ. ಎದಿ ಕಾಂಬ."

ಬಲೆಯ ಸಾಹುಕಾರ ಗೋವರ್ಧನ ಹೀಗೆ ಗದರಿದ್ದು ನಾಲ್ಕು ಗೋಡೆಯೊಳಗಲ್ಲ, ಕಿರಿಮಂಜೇಶ್ವರದ ಕಡಲ ಕರೆಯಲ್ಲಿ, ದೊಡ್ಡ ರಂಪಣಿ ಬಲೆಯನ್ನು ದಡಕ್ಕೆ ಎಳೆಯಲು ನೆರೆದ ಅಷ್ಟೂ ಜನರ ಎದುರು. ಅಣ್ಣಯ್ಯ ಗುಂಡಿ ಬಿಚ್ಚಿದ. ಮೀನಿನ ಬುಟ್ಟಿ ಹಿಡಿದು ಹೆಂಗಸರ ಸಾಲಿನಲ್ಲಿ ನಿಂತಿದ್ದ ಅವನ ಹೆಂಡತಿ ರತ್ನಳಿಗೆ ಮೈಯೆಲ್ಲ ಉರಿದುಹೋಯಿತು. ಉರಿದು ಮಾಡುವುದೇನು? ನೆಲ ನೋಡಿದಳು.

ಅಣ್ಣಯ್ಯನ ಎದೆಯಲ್ಲಿ ನರೆತ ರೋಮ ಬಿಟ್ಟರೆ ಏನೂ ಇರಲಿಲ್ಲ.

"ಹ್ವಾಯ್, ಗಾಯ ಎಲ್ಲಿತ್ತಾ?" ಗೋವರ್ಧನ ಬಗ್ಗಿ ನೋಡಿದ. "ಹಾರ್ಟಿನ ಆಪರೇಷನ್ ಅಂಬ್ರ್! ನಮ್ಮಪ್ಪಯ್ಯಂಗೆ ಆದಾಗ ಕುತ್ಗಿಯಿಂದ ಹೊಟ್ಟಿ ತನ್ಕ ಕೊಯ್ದಿದ್ರ್. ನಿಂದೆಂತ ಮಾರಾಯ, ಕೋಳಿ ಗೀರಿದ್ದೂ ಇಲ್ಯಲೆ."

ಅಣ್ಣಯ್ಯ ಬಲಗೈ ಮಣಿಕಟ್ಟು ಮುಂದೆ ಚಾಚಿದ. "ಇಲ್ಲಿಂದ ತಂತಿ ಹಾಕಿರ್ ಒಡೆಯಾ. ನರದೊಳ್ಗೆ ಸ್ಪ್ರಿಂಗ್ ಇಟ್ಟಿರ್."

"ಇದಾ? ಬಂಗ್ಡಿ ಮುಳ್ ಹೆಟ್ರೂ ಇದ್ಕಿಂತ ದೊಡ್ಡ ಆತ್ತ್." ಸುತ್ತಲಿನವರು ನಕ್ಕರು. "ಅಲ್ದಾ, ನಿಂಗೆ ಹಾರ್ಟ್ ಅಟ್ಯಾಕ್ ಆದ್ದ್ ಯಾವತ್ತ್?"

"ಆಯ್ಲಿಲ್ಲ ಒಡೆಯಾ. ಆಪ್ದ್ ಬ್ಯಾಡ ಅಂದೇಳಿಯೇ ಮಾಡಿರ್."

"ಕಾಣಿ! ಬಾರದ್ದ್ ಅಟ್ಯಾಕಿಗೆ ಆಪರೇಷನ್ ಅಂಬ್ರ್! ನಾಳೆ ಹುಟ್ಟದ್ದ್ ಶಿಶುವಿಗೆ ತೊಟ್ಲ್ ತೂಗ್ತ್ನೋ ಏನೊ ಸೂಳಿಮಗ!"

ಆ ಕರೆಯಲ್ಲಿ ಹಿಂದಿನಿಂದ ನಡೆದುಬಂದ ಕಟ್ಟುಪಾಡೊಂದಿತ್ತು. ಬಳ್ಳಿಗೆ, ಅಂದರೆ ಬಲೆಯ ಹಗ್ಗಕ್ಕೆ, ಕೈ ಹಾಕಿ ಎಳೆದವನಿಗೆ ಮೀನಿನ ಪಾಲು. ಗಾಯವಾಗಿ ಮಲಗಿದವನಿಗೂ ಪಾಲು, ಅದು ಅವನ ಮನೆ ಬಾಗಿಲಿಗೇ ಹೋಗುತ್ತದೆ. ಗುಣವಾಗಿ ಎದ್ದು ಬಂದಾಗ ಬಳ್ಳಿಯಲ್ಲಿ ಅವನ ಜಾಗ ಅವನಿಗೇ. ತೊರಕೆ ಮೀನಿನ ಬಾಲದ ಮುಳ್ಳು ಹೊಡೆದವರು, ದೋಣಿ ತಾಗಿ ಕಾಲು ಮುರಿದವರು ಹಾಗೆ ಉಂಡಿದ್ದಾರೆ; ಅಣ್ಣಯ್ಯ ಕೇಳಲು ಬಂದದ್ದೂ ಅದನ್ನೇ. ಆದರೆ ಗಾಯವೆಂದರೆ ಕಣ್ಣಿಗೆ ಕಾಣಬೇಕು. ಕಾಣದ ಗಾಯವನ್ನು ಕಡಲ ಮೇಲಿನವರು ಸೋಮಾರಿತನ ಅನ್ನುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣಯ್ಯನಿಗೆ ಕರೆಯ ಹೊಯಿಗೆ ಮರಳಿನಲ್ಲಿ ನಡೆದರೂ ಎದೆ ಹಿಂಡುತ್ತಿತ್ತು. ಹೃದಯದ ಎರಡು ನಾಳ ಕಟ್ಟಿದೆ, ಒಂದನ್ನು ಬಿಡಿಸಿದ್ದೇವೆ, ಇನ್ನೊಂದಕ್ಕೆ ಮುಂದಿನ ತಿಂಗಳು ಬನ್ನಿ, ಅಲ್ಲಿಯವರೆಗೆ ಭಾರ ಎತ್ತಬೇಡಿ ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದ್ದರು. ಕೈಯಲ್ಲೊಂದು ತೂತು ಬಿಟ್ಟರೆ ಕೊಯ್ದದ್ದಿಲ್ಲ, ಹೊಲಿದದ್ದಿಲ್ಲ. ತನ್ನ ಕಾಲಲ್ಲೇ ನಡೆದು ಬಸ್ ಹತ್ತಿದ. ಗಂಡನ ಎದೆ ಕೊಯ್ಯದೆ ಉಳಿಸಿಕೊಟ್ಟರಲ್ಲ ಎಂದು ರತ್ನ ಆವತ್ತು ಕಂಡ ದೇವರಿಗೆಲ್ಲ ಕೈಮುಗಿದಿದ್ದಳು. ಈಗ ಅನ್ನಿಸಿತು, ಒಂದಿಷ್ಟಾದರೂ ಕೊಯ್ಯಬೇಕಿತ್ತು.

"ಇವತ್ ಬಳ್ಳಿ ಹಿಡೂದಿಲ್ಯಾ, ನಿನ್ ಜಾಗಕ್ಕೆ ಬೇರೆಯವ್ನ್ ನಿಲ್ಸ್ತೆ," ಅಂದ ಗೋವರ್ಧನ. "ಅಪ್ಪನ ಕಾಲದ್ ಜಾಗ ಅಂದ್ಕಂಡ್ ಮತ್ತ್ ಬರುಕಾಗ."

ಅಣ್ಣಯ್ಯ ಅಂಗಿ ಹಾಕಿಕೊಳ್ಳಲಿಲ್ಲ. ರತ್ನಳ ಕೈಗೆ ಕೊಟ್ಟ.

"ಬ್ಯಾಡ ಕಾಣಿ," ಅಂದಳು ಅವಳು. "ಡಾಕ್ಟ್ರ್ ಭಾರ ಎತ್ತೂಕಾಗ ಅಂದಿರ್."

"ಬಳ್ಳಿ ಎತ್ತೂದೆಲ್ಲಿ ಹೆಣೆ? ಎಳೂದಲ್ದಾ? ಎಲ್ಲರೊಟ್ಟಿಗ್ ಎಳೂಕೆ ಭಾರ ಎಂತದ್?"

ಹಾಗೆ ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

ಅಲೆ ಒಡೆಯುವಲ್ಲಿ, ಬಳ್ಳಿ ಹಿಡಿದ ಎಲ್ಲರಿಗಿಂತ ಮುಂದೆ ಅವನ ಜಾಗ. ಅವನ ಬೆನ್ನಿಗೆ ರತ್ನಳ ತಮ್ಮ ಸುಧೀರ. ಆ ಸಂಜೆ ಮೀನಿನ ದೊಡ್ಡ ಹಿಂಡೇ ಬಿದ್ದಿತ್ತು, ಬಲೆ ಕಲ್ಲಿನ ಹಾಗೆ ಭಾರ. ಬಲೆಯ ಹೊಟ್ಟೆ ಕರೆಯ ಹತ್ತಿರ ಬಂದ ಮೇಲೆ ಯಾರೂ ಕೈ ಬಿಡುವಂತಿಲ್ಲ. ಒಬ್ಬನ ಭಾರ ಉಳಿದವರು ಹೇಗೋ ತಡೆದಾರು, ಇಬ್ಬರು ಬಿಟ್ಟರೆ ಹಿಂಡು ಹೋದಂತೆ. ಅಣ್ಣಯ್ಯ ಬಿಟ್ಟದ್ದು ಅದೇ ಗಳಿಗೆಯಲ್ಲಿ. ಮೊಣಕಾಲೂರಿ ಕೂತ, ಹಾಗೇ ಮಗ್ಗುಲಿಗೆ ಬಿದ್ದ. ಅಲೆಯೊಂದು ಬಂದು ಅವನ ಮುಖದ ಮೇಲೆ ಹಾದುಹೋಯಿತು.

"ಬಳ್ಳಿ ಬಿಟ್ರೆ ಕಾಣಿ! ಬಿಟ್ಟವ್ನ ಕೈ ಕಡಿತೆ!" ಗೋವರ್ಧನ ಕೂಗಿದ.

ರತ್ನ ಓಡಿದಳು. ಕಂಕುಳಿಗೆ ಕೈ ಹಾಕಿ ಎಳೆದಳು. ಗಂಡಸಿನ ಒದ್ದೆ ಮೈ ಒಬ್ಬಳಿಂದ ಅಲುಗಲಿಲ್ಲ. ಬುಟ್ಟಿ ಹಿಡಿದ ಹೆಂಗಸರು ಸಾಹುಕಾರನ ಬಾಯಿಗೆ ಹೆದರಿ ಸಾಲು ಬಿಟ್ಟು ಕದಲಲಿಲ್ಲ. ಎರಡನೆಯ ಅಲೆಯೂ ಬಂತು.

"ಸುಧೀರಾ, ಬಾರಾ! ಭಾವನ್ ಹಿಡಿಯಾ! ನೀರ್ ಕುಡೀತಿದ್ರಾ!"

"ಬಂದೆ ಅಕ್ಕಾ, ಬಂದೆ. ಇನ್ನೊಂಚೂರ್. ಬಲಿ ಬಂದೇ ಬಿಡ್ತ್."

ಸುಧೀರ ಅಳುತ್ತಿದ್ದ. ಕೈ ಮಾತ್ರ ಎಳೆಯುತ್ತಲೇ ಇತ್ತು. ಕೆಟ್ಟವನಲ್ಲ ಅವನು. ಅವನಿಗೂ ಇದ್ದದ್ದು ಅದೊಂದೇ ಜಾಗ.

ರತ್ನ ಗಂಡನ ತಲೆಯನ್ನು ಕೈಯಿಂದ ಬಳಿದ ಹೊಯಿಗೆಯ ಗುಡ್ಡೆಗೆ ಒರಗಿಸಿ, ಬುಟ್ಟಿಯ ಹತ್ತಿರ ಓಡಿ, ಮೀನು ಕೊಯ್ಯುವ ಕತ್ತಿ ತಂದಳು. ತಮ್ಮನ ಕೈಯ ಮುಂದೆ, ಕಡಲಿನ ಕಡೆಗೆ, ಬಿಗಿದು ನಿಂತ ಬಳ್ಳಿಗೆ ಹಾಕಿದಳು. ಎರಡು ಏಟು ಸಾಕಾಯಿತು. ಇಡೀ ಸಾಲು ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿತ್ತು. ಕಡಿದ ತುದಿ ನೀರಿನೊಳಗೆ ಓಡಿಹೋಯಿತು.

"ರಂಡೀ!" ಅನ್ನುತ್ತ ಗೋವರ್ಧನ ಅದರ ಹಿಂದೆ ಸೊಂಟದ ಮಟ್ಟ ನೀರಿಗಿಳಿದ.

"ಎಳೂಕೆ ಎಂತ ಉಳೀಲಿಲ್ಲ ಅಲ್ದಾ ಈಗ?" ರತ್ನಳ ಸ್ವರ ಒಡೆದುಹೋಗಿತ್ತು. "ಇನ್ನಾದ್ರೂ ಬನ್ನಿ! ಎತ್ತಿ ಇವ್ರನ್ನ!"

ಬಿದ್ದವರು ಎದ್ದು ಕೂತರು. ತುಂಡು ಬಳ್ಳಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇದ್ದರು, ಸುಧೀರನೂ. ಸಾಹುಕಾರ ಏನು ಹೇಳುತ್ತಾನೋ ಎಂದು ಎಲ್ಲರೂ ಕಡಲಿನ ಕಡೆಗೇ ನೋಡುತ್ತಿದ್ದರು.