ಕಳಾವರ್ ಏಳು

ಎಂಟು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಪಿನ್ನು ಹೊಲಿಗೆ ಅಂಗಡಿಯ ಒಳಕೋಣೆಗೆ ಬಂದು, ಚಿಕ್ಕಮ್ಮನ ಮೇಜಿನ ಮುಂದೆ ನಿಂತು ಸೂಜಿಗಳಿಗೆ ದಾರ ಪೋಣಿಸುತ್ತಿದ್ದಳು. ಮೂವತ್ತು ಸೂಜಿ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣಿಗೆ ತೂರಿಸಿ, ಎಳೆದು, ಕತ್ತರಿಸಿ, ಮೆತ್ತೆಗೆ ಚುಚ್ಚುವುದು. ಕಪ್ಪು ದಾರದವು ಮೆತ್ತೆಯ ಎಡಕ್ಕೆ, ಕಡುನೀಲಿಯವು ಬಲಕ್ಕೆ, ಬಿಳಿಯವು ನಡುವೆ. ಚಿಕ್ಕಮ್ಮ ಪಕ್ಕದಲ್ಲೇ ಕುಳಿತು ಗುಂಡಿಯ ಡಬ್ಬಿ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಪೋಣಿಸಿಕೊಡು ಅಂತ ಅವಳು ಯಾವತ್ತೂ ಕೇಳಿದವಳಲ್ಲ. ಯಾಕೆ ಪೋಣಿಸುತ್ತೀ ಅಂತಲೂ ಕೇಳಿದವಳಲ್ಲ. ಉಳಿದವರ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳುವ ಹೊತ್ತಿಗೆ ಕೆಲಸ ಮುಗಿದಿತ್ತು. ಪಿನ್ನು ತನ್ನ ಮಿಷಿನ್ನಿನ ಮುಂದೆ ಏನೂ ಮಾಡದವಳ ಹಾಗೆ ಕುಳಿತಿದ್ದಳು.

ಪಿನ್ನು ಅನ್ನುವ ಹೆಸರು ಕಾಜಾ ಅಕ್ಕ ಇಟ್ಟದ್ದು. ಗುಂಡಿ ತೂರಿಸುವ ಕಾಜಾ ಹೊಲಿಯುವುದು ಅವಳ ಕೆಲಸ, ಊರಿಗೆಲ್ಲ ಹೆಸರಿಡುವುದು ಅವಳ ಹವ್ಯಾಸ. "ಕಡ್ಡಿ ಮೈ, ಇಷ್ಟೇ ಇಷ್ಟು ತಲೆ. ಇದ್ದಾಳೆ ಅಂತ ಗೊತ್ತಾಗೋದೇ ನಾವು ಮೇಲೆ ಕೂತು ಚುಚ್ಚಿಸಿಕೊಂಡಾಗ" ಅಂದಿದ್ದಳು. ಪಿನ್ನುವಿಗೆ ಬೇಸರವಾಗಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಚಿಕ್ಕಮ್ಮನ ಕೈಹಿಡಿದು ಈ ಕೋಣೆಗೆ ಬಂದಾಗಿನಿಂದ ಅವಳು ಮಾತಾಡಿದ್ದು ಕಡಿಮೆ, ನೋಡಿದ್ದು ಜಾಸ್ತಿ.

ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಕೆಳಗಿನ ಮೇಜಿಗೆ ಬೆಳಿಗ್ಗೆಯಿಂದ ಸಂಜೆಯವರೆಗೂ ಬೆಳಕು. ಉಳಿದವರಿಗೆ ತಲೆಯ ಮೇಲೆ ತೂಗುವ ಬಲ್ಬುಗಳು. ಆ ಮೇಜಿಗಾಗಿ ಹಿಂದೆ ಜಗಳವಾಗಿ, ಮಾತು ಬಿಟ್ಟು, ಒಬ್ಬಳು ಕೆಲಸವನ್ನೇ ಬಿಟ್ಟು ಹೋಗಿದ್ದಳಂತೆ. ಚೀಟಿ ಎತ್ತಿದರೆ ಚೀಟಿಯಲ್ಲಿ ಮೋಸ ಅಂದರು. ಕೊನೆಗೆ ಯಜಮಾನಿ, "ಪೋಕರ್ ಆಡಿ ಗೆದ್ದೋರು ತಗೊಳ್ಳಿ. ಚೀಟಿಗೆ ಬರೀ ಹಣೆಬರಹ ಸಾಕು, ಇದಕ್ಕೆ ಸ್ವಲ್ಪ ತಲೆನೂ ಬೇಕು" ಅಂದಿದ್ದಳು. ಅಂದಿನಿಂದ ವರ್ಷಕ್ಕೊಮ್ಮೆ, ದಾಸ್ತಾನು ಎಣಿಸುವ ದಿನ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಆಟ. ಪಣಕ್ಕೆ ಗುಂಡಿಗಳು, ತಲೆಗೆ ನಲವತ್ತು. ನಾಲ್ಕಕ್ಕೆ ಯಾರ ಮುಂದೆ ಹೆಚ್ಚು ಗುಂಡಿ ಇದೆಯೋ, ಆ ಮೇಜು ಯಾರಿಗೆ ಅನ್ನುವುದು ಅವರ ಮಾತು.

ಎರಡು ವರ್ಷದಿಂದ ಗೆದ್ದದ್ದು ಕಟಿಂಗ್ ಮಾಸ್ಟರು. ಈ ವರ್ಷ ಅದು ಚಿಕ್ಕಮ್ಮನಿಗೆ ಬೇಕೇ ಬೇಕಿತ್ತು. ಕಳೆದ ತಿಂಗಳು ಅವಳು ಒಂದು ಕಡುನೀಲಿ ಕೋಟಿಗೆ ಕಪ್ಪು ದಾರದಲ್ಲಿ ಹೆಮ್ಮಿಂಗ್ ಮಾಡಿದ್ದಳು. ಗಿರಾಕಿ ಕೋಟನ್ನು ತಂದು ಯಜಮಾನಿಯ ಮುಂದೆ ಹರಡಿದ್ದ. "ಬಲ್ಬ್ ಮಂಕಾಗಿದೆ" ಅಂದಳು ಚಿಕ್ಕಮ್ಮ. ಯಜಮಾನಿ ಬಲ್ಬು ಬದಲಾಯಿಸಿದಳು, ಆದರೆ ಹೇಳುವುದನ್ನು ಹೇಳಿಯೂ ಬಿಟ್ಟಳು: ಇನ್ನೊಂದು ಸಲ ಹೀಗಾದರೆ ಕೈಹೊಲಿಗೆಯೆಲ್ಲ ಹೊರಗಡೆ ಕೊಡುತ್ತೇನೆ. ಹೊಸ ಬಲ್ಬಿನಿಂದ ಏನೂ ಆಗಲಿಲ್ಲ. ಕಣ್ಣಿನ ಡಾಕ್ಟರು ಬರೆದುಕೊಟ್ಟ ಕಾಗದ ಚಿಕ್ಕಮ್ಮನ ಡಬ್ಬಿಯ ತಳದಲ್ಲಿ ನಾಲ್ಕು ಮಡಿಕೆಯಾಗಿ ಇತ್ತು. ಪಿನ್ನು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ್ದಳು. ಕನ್ನಡಕದಿಂದ ಇನ್ನು ಪ್ರಯೋಜನವಿಲ್ಲ, ಒಳ್ಳೆಯ ಬೆಳಕಿನಲ್ಲಿ ಮಾತ್ರ ಕೆಲಸ ಮಾಡಬೇಕು, ಅಂತಿತ್ತು.

ಆದ್ದರಿಂದ ಪಿನ್ನು ಲೆಕ್ಕ ಹಾಕಿಟ್ಟಿದ್ದಳು. ತಾನು ಗೆಲ್ಲುವುದು. ಗೆದ್ದು, ಕಿಟಕಿಯ ಗಾಳಿಗೆ ನನ್ನ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಚಿಕ್ಕಮ್ಮ ನೀನೇ ಕೂತ್ಕೋ, ಅನ್ನುವುದು. ಅಷ್ಟು ಹೇಳುವುದಕ್ಕೆ ವಾರದಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದಳು.

ಎರಡು ಗಂಟೆಗೆ ಕತ್ತರಿಸುವ ದೊಡ್ಡ ಮೇಜಿನ ಸುತ್ತ ನಾಲ್ವರೂ ಕುಳಿತರು. ಯಜಮಾನಿ ಆಡುವವಳಲ್ಲ, ಎಲೆ ಹಂಚುವವಳು. ಒಬ್ಬೊಬ್ಬರಿಗೆ ಎರಡೆರಡು ಎಲೆ ಗುಟ್ಟಾಗಿ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು. ಪ್ರತಿ ಸಲವೂ ಒಬ್ಬರು ಕಟ್ಟಿದಷ್ಟೇ ಗುಂಡಿಯನ್ನು ಉಳಿದವರು ಸೈ ಅಂತ ಇಡಬೇಕು, ಇಲ್ಲವೇ ಎಲೆ ಬಿಡಬೇಕು. ಎಲ್ಲ ಸೇರಿ ಯಾರ ಐದು ಎಲೆ ಮೇಲೋ ಅವರಿಗೆ ಗುಂಡಿ.

"ಮಾಸ್ಟ್ರೇ, ಈ ಸಲ ಕಿಟಕಿ ನನ್ನದು. ಬೀದೀಲಿ ಯಾರು ಯಾರ ಜೊತೆ ಹೋಗ್ತಾರೆ ಅನ್ನೋದು ನಿಮಗೆ ಎರಡು ವರ್ಷದಿಂದ ಗೊತ್ತಾಗ್ತಿದೆ, ಒಂದಿನಾನೂ ನಮಗೆ ಹೇಳಲಿಲ್ಲ" ಅಂದಳು ಕಾಜಾ ಅಕ್ಕ.

"ನಾನು ಬಟ್ಟೆ ನೋಡ್ತೀನಮ್ಮ, ಬೀದಿ ನೋಡಲ್ಲ."

"ಅದಕ್ಕೇ ಆ ಮೇಜು ನಿಮಗೆ ದಂಡ."

ಆಟ ಕಲಿಸಿದ್ದು ಚಿಕ್ಕಮ್ಮನೇ. ಬನಿಯನ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಲಿತದ್ದನ್ನು ಕೆಲಸವಿಲ್ಲದ ದಿನಗಳಲ್ಲಿ ಪಿನ್ನುವಿಗೆ ದಾಟಿಸಿದ್ದಳು. "ಮುಖ ನೋಡಬೇಡ, ಮುಖ ಎಲ್ಲರೂ ಕಾಯ್ತಾರೆ. ಕೈ ನೋಡು" ಅನ್ನುತ್ತಿದ್ದಳು. "ಸೋತದ್ದನ್ನ ಅಲ್ಲೇ ಬಿಡು. ಈಗಿನ ಎಲೆ ಒಂದೇ ನಿನ್ನ ಕೆಲಸ." ಪಿನ್ನು ಕೈ ನೋಡಿದಳು. ಮಾಸ್ಟರು ಸುಳ್ಳು ಪಣ ಕಟ್ಟುವಾಗ ತಮ್ಮೆರಡು ಎಲೆಯ ಅಂಚನ್ನು ಬಟ್ಟೆ ಮಡಿಸಿದ ಹಾಗೆ ಸರಿಸಮ ಜೋಡಿಸುತ್ತಿದ್ದರು. ನಿಜವಾಗಿ ಒಳ್ಳೆಯ ಎಲೆ ಬಂದಾಗ ಮರೆಯುತ್ತಿದ್ದರು. ಕಾಜಾ ಅಕ್ಕನದು ಕೈ ಕೂಡ ಬೇಡ, ಮಾತು ನಿಂತರೆ ಸಾಕು. ಚಿಕ್ಕಮ್ಮನ ಹೆಬ್ಬೆರಳು ಸದಾ ತೋರುಬೆರಳಿನ ತುದಿಯನ್ನು ದಾರ ಹೊಸೆಯುವ ಹಾಗೆ ಉಜ್ಜುತ್ತಿರುತ್ತಿತ್ತು. ಎಲೆ ಕೂಡಿ ಬಂತೆಂದರೆ ನಿಲ್ಲುತ್ತಿತ್ತು.

ಮೂರನೇ ಸುತ್ತಿನಲ್ಲೇ ಪಿನ್ನು ಎಡವಿದಳು. ಕೈಯಲ್ಲಿ ಎರಡು ರಾಣಿ ಇದ್ದವು. ಆದರೆ ಚಿಕ್ಕಮ್ಮ ತನ್ನ ಎಲೆಯನ್ನು ಮೂಗಿನ ಹತ್ತಿರ ತಂದು, ಬಲ್ಬಿನ ಕಡೆ ಓರೆ ಮಾಡಿ ನೋಡುವುದನ್ನು ಕಂಡು ಯಜಮಾನಿಯೂ ನೋಡಿದಳೇ ಅಂತ ಕಣ್ಣು ಅತ್ತ ಹೋಯಿತು. ಅಷ್ಟರಲ್ಲಿ ನಡುವೆ ಎಕ್ಕ ಬಿದ್ದದ್ದು ತಿಳಿಯಲಿಲ್ಲ. ಮಾಸ್ಟರ ಕೈಯಲ್ಲಿ ಇನ್ನೊಂದು ಎಕ್ಕ ಇತ್ತು, ಹದಿನೆಂಟು ಗುಂಡಿ ಅವರ ಪಾಲಾಯಿತು.

"ಪಿನ್ನು, ಎಲೆ ಇಲ್ಲಿದೆ ಕಣೇ, ಗೋಡೆ ಮೇಲಲ್ಲ" ಅಂದಳು ಕಾಜಾ ಅಕ್ಕ.

ಕಳೆದದ್ದನ್ನು ಒಂದೇ ಏಟಿಗೆ ತಿರುಗಿ ಪಡೆಯಬೇಕು ಅಂತ ಪಿನ್ನುವಿನ ಕೈ ತವಕಿಸಿತು. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟು ಕುಳಿತಳು. ಉದ್ದ ಹೊಲಿಗೆ ಹಾಕುವಾಗ ಅವಳು ಮಿಷಿನ್ನಿನ ಪಾದದ ಕೆಳಗಿನ ಅರ್ಧ ಇಂಚು ಬಟ್ಟೆ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಇಡೀ ಲಂಗದ ಸುತ್ತಳತೆ ನೆನೆದರೆ ಗೆರೆ ಸೊಟ್ಟಗಾಗುತ್ತದೆ. ಹಾಗೆಯೇ ಆಡಲು ತೊಡಗಿದಳು. ನನ್ನ ಎಲೆ, ನಡುವಿನ ಎಲೆ, ಅವರ ಕೈ. ನಾಲ್ಕು ಸುತ್ತು ಏನೂ ಕಟ್ಟದೆ ಎಲೆ ಬಿಟ್ಟಳು. ಕಾಜಾ ಅಕ್ಕ "ನಿದ್ದೆ ಬಂತಾ?" ಅಂದರೂ ತಲೆ ಎತ್ತಲಿಲ್ಲ. ಐದನೆಯದರಲ್ಲಿ ಮಾಸ್ಟರು ಅಂಚು ಜೋಡಿಸುವುದನ್ನು ಕಂಡು, ಬರೀ ಹತ್ತರ ಒಂದು ಜೋಡಿ ಇಟ್ಟುಕೊಂಡು ಅವರು ಕಟ್ಟಿದಷ್ಟಕ್ಕೂ ಸೈ ಅಂದಳು. ಮಾಸ್ಟರ ಎಲೆಯಲ್ಲಿ ಏನೂ ಇರಲಿಲ್ಲ.

"ಎಲಾ" ಅಂದರು ಮಾಸ್ಟರು, ಕನ್ನಡಕದ ಮೇಲಿನಿಂದ ನೋಡಿ. "ಇದನ್ನ ಯಾರು ಬೆಳೆಸಿದ್ದು?"

"ನಾನೇ" ಅಂದಳು ಚಿಕ್ಕಮ್ಮ.

ಮೂರೂವರೆಗೆ ಕಾಜಾ ಅಕ್ಕನ ಗುಂಡಿ ಖಾಲಿ. "ಸರಿ, ಬೀದಿಯೋರು ಬದುಕಿಕೊಂಡರು" ಅಂತ ಕುರ್ಚಿ ಹಿಂದೆ ಸರಿಸಿ ಪ್ರೇಕ್ಷಕಳಾದಳು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಯಜಮಾನಿ ಎಲೆ ಕಲಸುತ್ತ, "ಇದೇ ಕೊನೇದು" ಅಂದಳು. ಮಾಸ್ಟರ ಮುಂದೆ ಐವತ್ತೆಂಟು ಗುಂಡಿ, ಪಿನ್ನುವಿನ ಮುಂದೆ ಐವತ್ತಾರು, ಚಿಕ್ಕಮ್ಮನ ಮುಂದೆ ನಲವತ್ತಾರು. ಮೂವರೂ ಎರಡೆರಡು ನಡುವೆ ಇಟ್ಟರು.

ಪಿನ್ನುವಿಗೆ ಬಂದ ಎರಡೂ ಎಲೆ ನಾಲ್ಕರವು. ನಡುವೆ ಬಿದ್ದ ಮೂರು ಎಲೆ: ಇಸ್ಪೀಟ್ ರಾಜ, ಇಸ್ಪೀಟ್ ಒಂಬತ್ತು, ಆಟೀನ್ ನಾಲ್ಕು. ಅವಳಿಗೀಗ ನಾಲ್ಕರವು ಮೂರಾದವು. ಅವಳು ಆರು ಗುಂಡಿ ಕಟ್ಟಿದಳು. ಮಾಸ್ಟರು ತಮ್ಮ ಎಲೆ ನೋಡಿ, ತಮ್ಮ ಐವತ್ತಾರು ಗುಂಡಿ ನೋಡಿ, "ನೀವಿಬ್ರೇ ಕಿತ್ತಾಡ್ಕೊಳ್ಳಿ" ಅಂತ ಬಿಟ್ಟರು. ಚಿಕ್ಕಮ್ಮ ಹೆಬ್ಬೆರಳು ಉಜ್ಜುತ್ತಲೇ ಆರು ಎಣಿಸಿ ಇಟ್ಟಳು.

ನಾಲ್ಕನೆಯ ಎಲೆ ಕಳಾವರ್ ಏಳು. ಪಿನ್ನುವಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಆದರೆ ಚಿಕ್ಕಮ್ಮ ಮುಂದಕ್ಕೆ ಬಾಗಿ, ಆ ಎಲೆಯ ಮೇಲೆ ಒಂದು ಗಳಿಗೆ ಕಣ್ಣು ನೆಟ್ಟು, ಹಿಂದೆ ಒರಗಿದಳು. ಹೆಬ್ಬೆರಳು ನಿಧಾನವಾಯಿತು, ನಿಲ್ಲಲಿಲ್ಲ. ಹತ್ತು ಗುಂಡಿ ಮುಂದೆ ತಳ್ಳಿದಳು. ಪಿನ್ನುವೂ ಹತ್ತು ಹಾಕಿದಳು.

ಐದನೆಯದು ಇಸ್ಪೀಟ್ ಎರಡು. ಹೆಬ್ಬೆರಳು ನಿಂತಿತು. ಚಿಕ್ಕಮ್ಮ ತನ್ನ ಮುಂದಿದ್ದ ಇಪ್ಪತ್ತೆಂಟನ್ನೂ ಎರಡು ಕೈಯಲ್ಲಿ ಬಾಚಿ ನಡುವೆ ಇಟ್ಟಳು.

"ಓಹೋ" ಅಂದಳು ಕಾಜಾ ಅಕ್ಕ. "ಚಿಕ್ಕಮ್ಮ ಮನೆಮಠ ಎಲ್ಲ ಇಟ್ಟುಬಿಟ್ಟರು."

ಪಿನ್ನು ಅವಸರ ಮಾಡಲಿಲ್ಲ. ನಡುವೆ ಮೂರು ಇಸ್ಪೀಟ್ ಇವೆ. ಚಿಕ್ಕಮ್ಮನ ಕೈಯಲ್ಲಿ ಎರಡು ಇಸ್ಪೀಟ್ ಇದ್ದರೆ ಐದೂ ಒಂದೇ ಗುರುತು, ನಾಲ್ಕರ ತನ್ನ ಮೂರು ಎಲೆ ಸೋಲುತ್ತವೆ. ಆದರೆ ಕಳಾವರ್ ಏಳು ಬಿದ್ದಾಗ ಬೆರಳು ಯಾಕೆ ನಿಧಾನವಾಗಬೇಕು? ಆ ಎಲೆ ಅವಳಿಗೆ ಏನೂ ಕೊಡುತ್ತಿರಲಿಲ್ಲ, ಅದನ್ನು ಇಸ್ಪೀಟ್ ಅಂತ ನೋಡಿದ್ದರೆ ಹೊರತು. ಹಾಗೆ ನೋಡಿ, ಕೈಯಲ್ಲೂ ಎರಡು ಇಸ್ಪೀಟ್ ಇದ್ದಿದ್ದರೆ ಬೆರಳು ಆಗಲೇ ನಿಲ್ಲಬೇಕಿತ್ತು, ನಿಂತದ್ದು ಈಗ. ಇಸ್ಪೀಟ್, ಕಳಾವರ್, ಎರಡೂ ಕಪ್ಪು. ಎರಡೂ ಕೆಳಗೆ ಕಾಲಿರುವ ಗುರುತು. ಹಳೆಯ ಎಲೆ, ತಲೆಯ ಮೇಲೆ ಬಲ್ಬು. ಕಪ್ಪು ದಾರ, ಕಡುನೀಲಿ ದಾರ.

ಪಿನ್ನುವಿಗೆ ಎಲ್ಲ ತಿಳಿಯಿತು. ಚಿಕ್ಕಮ್ಮನ ಕೈಯಲ್ಲಿರುವುದು ಒಂದೇ ಇಸ್ಪೀಟ್. ಮೇಜಿನ ಮೇಲೆ ನಾಲ್ಕು ಇವೆ ಅಂದುಕೊಂಡಿದ್ದಾಳೆ. ಸೈ ಅಂದರೆ ತಾನು ಗೆಲ್ಲುತ್ತೇನೆ, ಅನುಮಾನವೇ ಇಲ್ಲ. ಆದರೆ ಸೈ ಅಂದರೆ ಎಲೆ ತೋರಿಸಬೇಕು. ಚಿಕ್ಕಮ್ಮ ಐದು ಇಸ್ಪೀಟ್ ಅಂತ ಎಲ್ಲರ ಮುಂದೆ ಓದುತ್ತಾಳೆ, ಕಳಾವರ್ ಏಳು ಯಜಮಾನಿಯ ಮೂಗಿನ ಕೆಳಗೇ ಬಿದ್ದಿದೆ. ಕಿಟಕಿ ಸಿಕ್ಕೂ ಕೆಲಸ ಹೋಗುತ್ತದೆ.

ಬಿಟ್ಟರೆ? ಅವಳು ಗುಂಡಿಗಳನ್ನು ಮನಸ್ಸಿನಲ್ಲೇ ಎಣಿಸಿದಳು. ನಡುವಿನದೆಲ್ಲ ಸೇರಿ ಚಿಕ್ಕಮ್ಮನಿಗೆ ಅರವತ್ತಾರು. ಮಾಸ್ಟರಿಗೆ ಐವತ್ತಾರು. ಸಾಕು. ಎದುರಾಳಿ ಬಿಟ್ಟ ಮೇಲೆ ಗೆದ್ದವರು ಎಲೆ ತೋರಿಸಬೇಕಾಗಿಯೂ ಇಲ್ಲ.

ಅವಳು ಇಷ್ಟು ಒಳ್ಳೆಯ ಎಲೆಯನ್ನು ಯಾವತ್ತೂ ಬಿಟ್ಟಿರಲಿಲ್ಲ. ಮಾಸ್ಟರು ಮತ್ತೊಮ್ಮೆ 'ಎಲಾ' ಅನ್ನುವುದನ್ನು ಕೇಳಬೇಕು ಅಂತ ಒಂದು ಗಳಿಗೆ ಆಸೆಯೂ ಆಯಿತು. ನಾಲ್ಕರ ಎರಡೂ ಎಲೆಯನ್ನು ಬೋರಲು ಹಾಕಿ ಯಜಮಾನಿಯ ಕಡೆ ತಳ್ಳಿದಳು.

"ನಾನು ಬಿಟ್ಟೆ."

"ಥೂ ಪುಕ್ಕಲಿ" ಅಂದಳು ಕಾಜಾ ಅಕ್ಕ.

"ಹೆದರಬೇಕಾದ ಕಡೆ ಹೆದರಿದಳು, ಅದೂ ಆಟವೇ" ಅಂದರು ಮಾಸ್ಟರು. ಆಮೇಲೆ ಗುಂಡಿಗಳ ಕಡೆ ನೋಡಿ ಉಸಿರು ಬಿಟ್ಟರು. "ಹೋಯ್ತು ನನ್ನ ಕಿಟಕಿ."

ಯಜಮಾನಿ ಗುಂಡಿ ಎಣಿಸಿ, "ಅರವತ್ತಾರು. ಮೇಜು ಯಾರಿಗೆ ಅನ್ನೋದು ಚಿಕ್ಕಮ್ಮನ ಮಾತು" ಅಂದಳು.

ಚಿಕ್ಕಮ್ಮ ನಕ್ಕಳು. ಕೋಟಿನ ಗಲಾಟೆ ಆದಮೇಲೆ ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದೇ ಇರಲಿಲ್ಲ. ಪಿನ್ನು ಎಲ್ಲವನ್ನೂ ಯೋಚಿಸಿದ್ದಳು, ಈ ನಗುವನ್ನು ಯೋಚಿಸಿರಲಿಲ್ಲ.

"ಸುಳ್ಳು ಪಣ ಕಟ್ಟಿ ಮಗೂನ ಹೆದರಿಸಿದೆ ಅಂದ್ಕೊಂಡ್ರಾ?" ಅಂದಳು ಚಿಕ್ಕಮ್ಮ. "ನನಗೆ ಆ ಬುದ್ಧಿ ಇಲ್ಲಪ್ಪ. ನೋಡ್ಕೊಳ್ಳಿ."

"ತೋರಿಸೋದು ಬೇಡ ಚಿಕ್ಕಮ್ಮ" ಅಂದಳು ಪಿನ್ನು. ಅವಳ ದನಿ ಎಂದಿನಂತೆ ಸಣ್ಣದಾಗಿತ್ತು.

"ಇರಲಿ ಬಿಡೇ, ಸೋತದ್ದು ಯಾವುದಕ್ಕೆ ಅಂತ ನಿನಗೂ ಗೊತ್ತಾಗಲಿ."

ಅವಳು ಇಸ್ಪೀಟ್ ಎಕ್ಕವನ್ನು ಮಗುಚಿ ನಡುವಿನ ಎಲೆಗಳ ಪಕ್ಕ ಇಟ್ಟಳು. ಬೆರಳನ್ನು ಒಂದೊಂದರ ಮೇಲೂ ಊರಿ ಓದಿದಳು. "ಎಕ್ಕ. ರಾಜ. ಒಂಬತ್ತು. ಏಳು. ಎರಡು. ಐದೂ ಇಸ್ಪೀಟ್."

ಬೆರಳು ಹಿಂದಕ್ಕೆ ಬಂದು ಏಳರ ಮೇಲೆ ನಿಂತಿತು. ಅಲ್ಲಿ ಕಳಾವರಿನ ಮೂರೆಲೆಯ ಗುರುತು ಏಳು ಸಲ ಅಚ್ಚಾಗಿತ್ತು.

ಮಾಸ್ಟರು ಎಲೆಯನ್ನು ನೋಡಿದರು, ಬೋರಲು ಬಿದ್ದಿದ್ದ ಪಿನ್ನುವಿನ ಎಲೆಗಳನ್ನು ನೋಡಿದರು, ಆಮೇಲೆ ಪಿನ್ನುವನ್ನು. ಯಜಮಾನಿ ಎಲೆಯನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಆಚೆ ಚಿಕ್ಕಮ್ಮನ ಮೇಜಿನ ಮೇಲಿದ್ದ ಸೂಜಿಯ ಮೆತ್ತೆಯ ಮೇಲಿತ್ತು: ಎಡಕ್ಕೆ ಕಪ್ಪು, ಬಲಕ್ಕೆ ಕಡುನೀಲಿ, ನಡುವೆ ಬಿಳಿ.

ಮಾಸ್ಟರು ಎದ್ದರು. ಕಿಟಕಿಯ ಹತ್ತಿರ ಹೋಗಿ ತಮ್ಮ ಅಳತೆಪಟ್ಟಿ, ಸೀಮೆಸುಣ್ಣದ ಡಬ್ಬಿ, ಕತ್ತರಿ ಒಂದೊಂದಾಗಿ ಎತ್ತಿಕೊಂಡು ಮೇಜು ತೆರವು ಮಾಡಿದರು. ಯಜಮಾನಿ ಅದನ್ನು ನೋಡುತ್ತ ಗುಂಡಿಗಳನ್ನು ಡಬ್ಬಿಗೆ ತುಂಬತೊಡಗಿದಳು.

ಚಿಕ್ಕಮ್ಮನ ನಗು ಇಳಿದಿತ್ತು. ಹೆಬ್ಬೆರಳು ಮತ್ತೆ ಉಜ್ಜತೊಡಗಿತ್ತು. ಅವಳು ಆ ಎಲೆಯನ್ನು ಎತ್ತಿ ಮೂಗಿನ ಹತ್ತಿರ ತಂದಳು, ಬಲ್ಬಿನ ಕಡೆ ಓರೆ ಮಾಡಿದಳು, ಮತ್ತೆ ಇದ್ದಲ್ಲೇ ಇಟ್ಟಳು.

"ಇದು ಯಾವ ಎಲೆ" ಅಂದಳು, "ಯಾರಾದ್ರೂ ಒಂದು ಸಲ ಓದಿ ಹೇಳಿ."