ಹಸನಬಿ ಹಾಕದ ಬರೆ

ಇಂದೂ ಯಾರ ಮುಂದೆಯೂ ಒಂದು ಪೂರ್ತಿ ವಾಕ್ಯ ಆಡಲಿಲ್ಲ ಎಂದು ವೈಜಯಂತಿ ಡೈರಿಯಲ್ಲಿ ಬರೆದುಕೊಂಡಳು. ಬಿ.ಎ. ಮುಗಿಸಿ ದೇವಿಕೊಪ್ಪದ ಅಂಗನವಾಡಿಗೆ ಬಂದು ಏಳು ತಿಂಗಳಾಗಿತ್ತು. ಹಾಡು ಹೇಳಿಕೊಡುವಾಗಲೂ ಅವಳ ದನಿ ಮೊದಲ ಸಾಲನ್ನು ದಾಟುತ್ತಿರಲಿಲ್ಲ. ಹಿಂದಿನ ಸಾಲಿನ ಮಕ್ಕಳು ತಮಗೆ ತಿಳಿದದ್ದನ್ನು ಹಾಡುತ್ತಿದ್ದವು.

ಅಂಗನವಾಡಿ ನಡೆಯುತ್ತಿದ್ದುದು ಈರಪ್ಪನ ಪಡಸಾಲೆಯಲ್ಲಿ. ಊರಲ್ಲಿ ಬೇರೆ ಯಾರೂ ಜಾಗ ಕೊಟ್ಟಿರಲಿಲ್ಲ. ಅವನ ಹೆಂಡತಿ ಬಾಣಂತನಕ್ಕೆ ಅಣ್ಣಿಗೇರಿಯ ತವರಿಗೆ ಹೋಗಿದ್ದಳು. ನಾಲ್ಕು ವರ್ಷದ ಮಗಳು ರೇವವ್ವ ಮಾತ್ರ ಅಪ್ಪನ ಹತ್ತಿರ ಉಳಿದಿದ್ದಳು. ಅಂಗನವಾಡಿಯ ಉಪ್ಪಿಟ್ಟನ್ನು ಅವಳು ನಿಂತೇ ತಿನ್ನುತ್ತಿದ್ದಳು. ಒಳಗೆ ಅಪ್ಪ ಕೆಮ್ಮಿದರೆ ಲಂಗ ಒದ್ದೆಯಾಗುತ್ತಿತ್ತು. ಎರಡನ್ನೂ ವೈಜಯಂತಿ ತಾರೀಖು ಹಾಕಿ ಡೈರಿಗೆ ಇಳಿಸಿದ್ದಳು.

ಹೋದ ತಿಂಗಳು ಮಕ್ಕಳನ್ನು ತೊಲೆಗೆ ಕಟ್ಟಿದ ತಕ್ಕಡಿಯಲ್ಲಿ ತೂಗುವಾಗ ರೇವವ್ವನ ತೊಡೆಯ ಹಿಂದೆ ಎರಡು ದುಂಡನೆಯ ಸುಟ್ಟ ಕಲೆಗಳು ಕಂಡಿದ್ದವು.

“ಕಾಮಾಲಿ ಆಗಿತ್ರಿ ಅಕ್ಕಾರ. ಬರಿ ಹಾಕಿಸೀನಿ,” ಎಂದಿದ್ದ ಈರಪ್ಪ.

ಕಾಮಾಲೆಗೆ ಬರೆ ಹಾಕಿಸುವುದು ಆ ಊರಲ್ಲಿ ಹೊಸದಲ್ಲ. ಅರ್ಧ ಮಕ್ಕಳ ಹೊಟ್ಟೆಯ ಮೇಲೆ ಅದರ ಗುರುತಿತ್ತು. ವೈಜಯಂತಿ ರಜಿಸ್ಟರಿನ ಷರಾ ಕಾಲಮಿನಲ್ಲಿ ‘ಕಾಮಾಲೆ ಬರೆ’ ಎಂದು ದುಂಡಗೆ ಬರೆದಳು.

ಈ ತಿಂಗಳು ಕಲೆ ಮೂರಾಗಿದ್ದವು. ಊರಿಗೆಲ್ಲ ಬರೆ ಹಾಕುವ ಹಸನಬಿ ಮೊಮ್ಮಗನನ್ನು ಬಿಡಲು ಬಂದವಳು ಅಲ್ಲೇ ನಿಂತಿದ್ದಳು.

“ಯಾರ ಹಾಕ್ಯಾರ್ರಿ ಅಕ್ಕಾರ, ಇದನ್ನ?”

“ನೀವ ಅಲ್ಲೇನ್ರಿ?”

“ನಾನು? ಕಣ್ಣು ಮಂಜಾಗ್ಯಾವ ಖರೆ, ಕೈ ಕೆಟ್ಟಿಲ್ಲ ನಂದು. ನಾ ಹಾಕೂದು ಹೊಟ್ಟಿ ಮ್ಯಾಲೆ, ಸೂಜಿ ತುದೀಲೆ. ತೊಡಿ ಹಿಂದ ಕಾಮಾಲಿ ಕುಂತಿರತೈತೇನು?” ಮುದುಕಿ ಬಗ್ಗಿ ನೋಡಿದಳು. ದನಿ ಇಳಿಯಿತು. “ಇದು ಬೀಡಿ.”

ಪಡಸಾಲೆಯ ಆ ತುದಿಯಲ್ಲಿ ಈರಪ್ಪ ಬೀಡಿ ಸೇದುತ್ತ ಕೂತಿದ್ದ.

“ನಾ ಅತ್ತಿಲ್ರಿ,” ಎಂದಳು ರೇವವ್ವ, ಯಾರೂ ಕೇಳದಿದ್ದರೂ.

ತೂಕ ಹನ್ನೊಂದೂವರೆ ಕಿಲೊ. ವೈಜಯಂತಿ ಅದನ್ನು ಬರೆದಳು. ಷರಾ ಕಾಲಮು ಖಾಲಿ ಬಿಟ್ಟಳು. ಮನೆಗೆ ಹೋಗಿ ಡೈರಿಯಲ್ಲಿ ಎರಡು ಪುಟ ಬರೆದಳು. ಒಂದು ಕಾಗುಣಿತವೂ ತಪ್ಪಿರಲಿಲ್ಲ. ರೇವವ್ವನಿಗೆ ಅದರಿಂದ ಏನೂ ಆಗಲಿಲ್ಲ.

ಗುರುವಾರ ಕಲಘಟಗಿಯಿಂದ ಮೇಲ್ವಿಚಾರಕಿ ಅನ್ನಪೂರ್ಣಾಬಾಯಿ ಬಂದರು. ಈರಪ್ಪ ತಾನೇ ಕುರ್ಚಿ ತಂದು ಹಾಕಿದ, ಚಹಾ ತರಿಸಿದ.

“ಹೋದ ತಿಂಗಳು ಕಾಮಾಲಿ ಬರಿ ಅಂತ ಅದ,” ಬಾಯಿಯವರು ರಜಿಸ್ಟರು ತಿರುವಿದರು. “ಈ ತಿಂಗಳದ್ದು ಯಾಕ ಖಾಲಿ ಬಿಟ್ಟೀ?”

“ಅದ ಕಾಮಾಲೀನ ಬರಕೊಳ್ರಿ ಬಾಯಾರ,” ಎಂದ ಈರಪ್ಪ. “ನಮ್ಮ ಅಕ್ಕಾರನ್ನ ಏನ್ ಕೇಳ್ತೀರಿ? ಅಗದಿ ಆಕಳಾ. ಪಡಸಾಲಿಯೊಳಗ ಇದ್ದಾರೋ ಇಲ್ಲೋ ಅನ್ನೂದ ಗೊತ್ತಾಗೂದಿಲ್ಲ.”

ನಕ್ಕು, ಬೀಡಿಯ ಬೂದಿ ಕೊಡವಿದ. ಗೋಡೆಗೆ ಒರಗಿ ನಿಂತು ಉಪ್ಪಿಟ್ಟು ತಿನ್ನುತ್ತಿದ್ದ ರೇವವ್ವ ತಟ್ಟೆ ಬಿಟ್ಟು ಬಂದು ವೈಜಯಂತಿಯ ನಿರಿಗೆ ಹಿಡಿದುಕೊಂಡಳು. ಹಿಡಿ ಸಣ್ಣದು, ಗಟ್ಟಿ.

ಹೇಳಿದರೆ ನಾಳೆ ಅಂಗನವಾಡಿಗೆ ಜಾಗ ಇರುವುದಿಲ್ಲ ಎಂದು ವೈಜಯಂತಿಗೆ ಗೊತ್ತಿತ್ತು. ಅವಳು ಬಾಯಿ ತೆರೆದಳು. ಹಿಂದಿನ ಸಾಲಿನ ಮಕ್ಕಳೂ ತಿರುಗಿ ನೋಡಿದವು.

“ಅದು ಕಾಮಾಲಿ ಬರಿ ಅಲ್ರೀ ಬಾಯಾರ. ಇವರು ಹುಡುಗೀನ್ನ ಬೀಡೀಲೆ ಸುಟ್ಟಾರ.”